ರುಚಿ ನೋಡದ ಬಾತು

ಹಿರಿಯರ ಹಬ್ಬ ಒಂದು ಮುಗಿದುಹೋಗಲಿ, ಮಾರನೇ ದಿನದಿಂದಲೇ ನನ್ನ ಒಲೆ ಬೇರೆ ಎಂದು ಹೇಳಿಬಿಟ್ಟಿದ್ದೆ. ಹೇಳಿದ್ದು ನನ್ನ ಗಂಡ ಶ್ರೀನಿವಾಸ್‌ಗೆ. ಆದರೆ ಒಳಗೆ ಕೂತಿದ್ದ ಅತ್ತೆ ಮುನಿಗಂಗಮ್ಮನಿಗೂ ಕೇಳಿಸಲಿ ಎಂದು ಸ್ವಲ್ಪ ಜೋರಾಗಿಯೇ ಹೇಳಿದ್ದೆ. ದೊಮ್ಮಲೂರಿನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಹುಡುಗರು ಆಗಷ್ಟೇ ಖಾಲಿ ಮಾಡಿಕೊಂಡು ಹೋಗಿದ್ದರು. ಅಲ್ಲೊಂದು ಪುಟ್ಟ ಅಡಿಗೆಮನೆ ಇದೆ, ಬೆಳಕು ಬೀಳುವ ಕಿಟಕಿ ಇದೆ. ನನಗೆ ಅಷ್ಟೇ ಬೇಕಾಗಿತ್ತು. ನಾನು ಮಾಡಿದ್ದನ್ನು ನಾನು ತಟ್ಟೆಗೆ ಬಡಿಸಿಕೊಂಡು, ಯಾರ ಬಾಯಿಂದಲೂ ‘ಸಪ್ಪೆ’ ಎಂಬ ಮಾತು ಕೇಳದೆ ಒಂದು ಹೊತ್ತು ಊಟ ಮಾಡಬೇಕು. ಅದು ಬಿಟ್ಟರೆ ಬೇರೆ ಯಾವ ಆಸೆಯೂ ನನ್ನಲ್ಲಿ ಉಳಿದಿರಲಿಲ್ಲ.

ಸಾರು ಸಪ್ಪೆ. ಪಲ್ಯ ಸಪ್ಪೆ. ಉಪ್ಪಿನಕಾಯಿ ಕೂಡ ಸಪ್ಪೆ! ಉಪ್ಪಿನಕಾಯಿ ಸಪ್ಪೆ ಎಂದು ಯಾರಾದರೂ ಹೇಳಿದ್ದನ್ನು ನೀವು ಕೇಳಿದ್ದೀರಾ? ನಾನು ಕೇಳಿದ್ದೇನೆ, ಎರಡು ವರ್ಷ. ಇಂದಿರಾನಗರದ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ನನಗೆ ಕೆಲಸ. ಇಡೀ ದಿನ ಡಾಕ್ಟರ ಪಕ್ಕ ನಿಂತು, ಕಂಡವರ ಬಾಯೊಳಗೆ ದೀಪ ಹಿಡಿದು, ಸಂಜೆ ಬಸ್ಸಿನಲ್ಲೂ ನಿಂತೇ ಬಂದು, ಚಪ್ಪಲಿ ಬಿಟ್ಟವಳೇ ಒಲೆ ಹಚ್ಚುತ್ತೇನೆ. ಬಿಸಿಬಿಸಿಯಾಗಿ ತಟ್ಟೆಗೆ ಬಡಿಸಿದರೆ ಅತ್ತೆ ಒಂದು ತುತ್ತು ಬಾಯಿಗಿಟ್ಟು, ಗೋಡೆ ನೋಡಿ, ‘ಸಪ್ಪೆ’ ಅನ್ನುತ್ತಾರೆ. ಆಮೇಲೆ ಉಪ್ಪಿನ ಡಬ್ಬ ಎಳೆದುಕೊಂಡು ಸುರಿದುಕೊಳ್ಳುತ್ತಾರೆ. ನನ್ನ ಮುಖದ ಮೇಲೇ ಸುರಿದ ಹಾಗಾಗುತ್ತಿತ್ತು.

ಮೊದಲು ಹೀಗಿರಲಿಲ್ಲ. ಹೊಗಳುವ ಹೆಂಗಸು ಅಲ್ಲವೇ ಅಲ್ಲ ಅವರು, ಆದರೆ ಸುಮ್ಮನೆ ಉಣ್ಣುತ್ತಿದ್ದರು, ಬೇಕಾದರೆ ಇನ್ನೊಂದು ಸೌಟು ಕೇಳುತ್ತಿದ್ದರು. ಎರಡು ವರ್ಷದ ಹಿಂದೆ ಕೆಟ್ಟ ಜ್ವರ ಬಂದು ಆಸ್ಪತ್ರೆಗೆ ಸೇರಿಸಿದೆವು. ಬದುಕಿ ಬಂದರಲ್ಲ ಎಂದು ಹಲಸೂರಿನ ಸೋಮೇಶ್ವರನಿಗೆ ಹಣ್ಣುಕಾಯಿ ಮಾಡಿಸಿದವಳೂ ನಾನೇ. ಮನೆಗೆ ಬಂದ ದಿನದಿಂದ ಶುರುವಾಯಿತು ಈ ಸಪ್ಪೆ ಪುರಾಣ. ವಯಸ್ಸಾದ ಮೇಲೆ ನಾಲಿಗೆ ಚಪಲ ಅಂದುಕೊಂಡೆ. ಆಮೇಲೆ ಬೇಕೆಂದೇ ಮಾಡುತ್ತಾರೆ ಅಂದುಕೊಂಡೆ. ಸೊಸೆ ಸಂಬಳ ತರುತ್ತಾಳೆ, ಅವಳ ಜಂಬ ಇಳಿಸಬೇಕಲ್ಲ!

ಒಲೆ ಬೇರೆ ಅಂದಾಗ ಅವರು ಜಗಳವಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ. ಜಗಳವಾಡಲಿಲ್ಲ.

“ಹೋಗ್ಲಿ ಬುಡು. ನನ್ನೊಬ್ಬಳಿಗೆ ಒಂದ್ ಪಾವು ಅಕ್ಕಿ. ನಾನೇ ಬೇಯಿಸ್ಕತೀನಿ,” ಅಂದರು ಒಳಗಿನಿಂದ.

ಇಪ್ಪತ್ತು ವರ್ಷ ಈ ಮನೆಯಲ್ಲಿ ಸವೆದವಳನ್ನು ಇಷ್ಟು ಸಲೀಸಾಗಿ ಕಳಿಸಿಬಿಡುತ್ತಾರಲ್ಲ ಎಂದು ನನಗೆ ಹೊಟ್ಟೆ ಉರಿದುಹೋಯಿತು. ನಾಳೆಯೇ ಗ್ಯಾಸಿನವನಿಗೆ ಹೇಳಿ, ಮೇಲಕ್ಕೆ ಕನೆಕ್ಷನ್ ಕೊಡಿಸಿ ಅಂದೆ. ಅಮಾವಾಸ್ಯೆ ಕಳೆಯಲಿ ಮಾರಾಯ್ತಿ ಎಂದು ಶ್ರೀನಿವಾಸ್ ಕೈಮುಗಿದರು.

ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ಸತ್ತವರಿಗೆ ಏನು ಇಷ್ಟವೋ ಅದನ್ನೇ ಮಾಡಿ ಬಾಳೆಲೆಯ ಮೇಲೆ ಬಡಿಸಬೇಕು. ನೆಂಟರ ಮನೆಗಳಲ್ಲೆಲ್ಲ ಆವತ್ತು ಮಟನ್ ಸಾರು, ಮುದ್ದೆ. ನಮ್ಮ ಮಾವ ರಾಮಾಂಜಿನಪ್ಪ ಕೊನೆಗಾಲದಲ್ಲಿ ಮಾಂಸ ಬಿಟ್ಟಿದ್ದರು, ಬ್ರಾಂದಿ ಬಿಟ್ಟಿರಲಿಲ್ಲ. ಅವರಿಗೆ ಪ್ರಾಣವಾಗಿದ್ದದ್ದು ಹೆಂಡತಿ ಮಾಡುತ್ತಿದ್ದ ತರಕಾರಿ ಬಾತು. ದೊಮ್ಮಲೂರು ಇನ್ನೂ ಹೊಲವಾಗಿದ್ದಾಗ ಈ ತಿಂಗಳಲ್ಲಿ ಬರುತ್ತಿದ್ದದ್ದೆಲ್ಲ ಅದರಲ್ಲಿ ಇರಬೇಕು: ಸಿಹಿಗುಂಬಳ, ಗೋರಿಕಾಯಿ, ನವಿಲುಕೋಸು, ಹಸಿ ಅಲಸಂದೆ ಕಾಳು, ಆಗಷ್ಟೇ ಕಿತ್ತ ಹಸಿ ಕಡಲೆಕಾಯಿ. ವರ್ಷದಲ್ಲಿ ಅದೊಂದು ದಿನ ಅಡಿಗೆಮನೆ ಅತ್ತೆಯದು. ಜ್ವರ ಬಿದ್ದ ವರ್ಷ ಆಸ್ಪತ್ರೆಯಲ್ಲಿದ್ದರು, ಹೋದ ವರ್ಷ ದಾಯಾದಿಗಳಲ್ಲಿ ಯಾರೋ ತೀರಿಕೊಂಡು ಸೂತಕ. ಹೀಗೆ ಎರಡು ಸಲ ತಪ್ಪಿಹೋಗಿತ್ತು. ಈ ಸಲ ಬಿಡುವುದಿಲ್ಲ ಎಂದು ತಿಂಗಳಿನಿಂದ ಹೇಳುತ್ತಿದ್ದರು.

ತರಕಾರಿ ರಸೆಲ್ ಮಾರುಕಟ್ಟೆಯಿಂದಲೇ ಬರಬೇಕು, ಅದೂ ಜಿಯಾವುಲ್ಲಾ ಅಂಗಡಿಯಿಂದ. ಅವರಪ್ಪನ ಕಾಲದಲ್ಲಿ ನಮ್ಮ ಮಾವ ಗಾಡಿಯಲ್ಲಿ ಕುಂಬಳಕಾಯಿ ತುಂಬಿಕೊಂಡು ಹೋಗಿ ಅಲ್ಲಿಗೇ ಹಾಕುತ್ತಿದ್ದರಂತೆ. ಮನೆ ಪಕ್ಕದ ತಳ್ಳುಗಾಡಿಯಲ್ಲಿ ಇದೇ ತರಕಾರಿ ಸಿಗುವುದಿಲ್ಲವೇ? ಹೇಳುವ ಹಾಗಿಲ್ಲ. ಕ್ಲಿನಿಕ್ಕಿಗೆ ಅರ್ಧ ದಿನ ರಜೆ ಹಾಕಿ ಶಿವಾಜಿನಗರದ ಬಸ್ಸು ಹತ್ತಿದೆ.

“ಏನಕ್ಕಾ, ನೀವೊಬ್ರೇ? ಅಮ್ಮ ಎಲ್ಲಿ?” ಅಂದರು ಜಿಯಾವುಲ್ಲಾ, ಕುಂಬಳಕಾಯಿಯನ್ನು ಸೀಳುತ್ತಾ.

“ಮೊಣಕಾಲು ನೋವು ಭಾಯ್. ನನಗೆ ಮೊಣಕಾಲೇ ಇಲ್ವಲ್ಲ, ಅದಕ್ಕೇ ಕಳಿಸಿದ್ದಾರೆ.”

ಅವರು ನಕ್ಕು ಕೆಂಪಗಿದ್ದ ಹೋಳನ್ನು ಮುಂದೆ ಹಿಡಿದರು. “ಇದು ನೋಡಿ, ಎಂಥಾ ಬಣ್ಣ. ಸಕ್ಕರೆ ಇದ್ದಂಗೆ ಇದೆ. ಅಮ್ಮಾಗೆ ಜಿಯಾವುಲ್ಲಾ ಸಲಾಂ ಅಂದ ಅಂತ ಹೇಳಿ.”

ಎರಡು ಕೈಯಲ್ಲೂ ಚೀಲ ಹಿಡಿದು, ಬಸ್ಸಿನಲ್ಲಿ ಕಂಬಕ್ಕೆ ಬೆನ್ನು ಆನಿಸಿ ನಿಂತು ಮನೆಗೆ ಬಂದೆ. ಬೆರಳುಗಳಲ್ಲಿ ಚೀಲದ ಗುರುತು ಕೆಂಪಗೆ ಕೂತಿತ್ತು. ಇದೊಂದು ದಿನ ಕಣೇ ಹಂಸಾ, ನಾಳೆ ಒಂದು ದಿನ ತಡ್ಕೋ ಎಂದು ನನಗೆ ನಾನೇ ಹೇಳಿಕೊಂಡೆ.

ಹಬ್ಬದ ಬೆಳಿಗ್ಗೆ ಅತ್ತೆ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲನ್ನು ಗಂಟು ಕಟ್ಟಿಕೊಂಡು ಅಡಿಗೆಮನೆಗೆ ಬಂದರು. ನನಗೆ ಹೆಚ್ಚುವ ಕೆಲಸ, ಬಿಡಿಸುವ ಕೆಲಸ. ಎಡೆ ಅಡಿಗೆಯ ಕಟ್ಟುಪಾಡು ಒಂದೇ: ಹಿರಿಯರು ಉಣ್ಣುವ ತನಕ ಯಾರೂ ರುಚಿ ನೋಡಬಾರದು. ಸೌಟಿನ ತುದಿ ನಾಲಿಗೆಗೆ ತಾಗಿದರೂ ಎಂಜಲು. ಹಾಗಾಗಿ ಆವತ್ತಿನ ಉಪ್ಪು ಖಾರವೆಲ್ಲ ಕೈಯಂದಾಜು. “ಎಸರು ಕುದಿಯೋವಾಗ ಆವಿ ಮೂಗಿಗೆ ಬಡೀತದಲ್ಲ, ಅದರಲ್ಲೇ ಉಪ್ಪು ಗೊತ್ತಾಗಬೇಕು” ಎಂದು ನಾನು ಮದುವೆಯಾಗಿ ಬಂದ ವರ್ಷ ಅತ್ತೆ ನನಗೆ ಹೇಳಿದ್ದರು. ನನಗೆ ಇವತ್ತಿಗೂ ಗೊತ್ತಾಗುವುದಿಲ್ಲ. ಅವರದು ಒಂದು ಸಲವೂ ತಪ್ಪಿರಲಿಲ್ಲ.

ಬಾಣಲೆಯಲ್ಲಿ ಧನಿಯಾ, ಚಕ್ಕೆ, ಲವಂಗ, ಗಸಗಸೆ ಹುರಿಯಲು ಹಾಕಿದರು. ನಾನು ಕಡಲೆಕಾಯಿ ಸುಲಿಯುತ್ತಾ ಕೂತಿದ್ದೆ. ಘಮ ಎದ್ದು ಮನೆಯೆಲ್ಲ ತುಂಬಿತು. ಇನ್ನೇನು ಇಳಿಸುತ್ತಾರೆ ಅಂದುಕೊಂಡರೆ ಇಳಿಸಲಿಲ್ಲ, ಕೈಯಾಡಿಸುತ್ತಲೇ ಇದ್ದರು.

“ಅತ್ತೆ, ಸೀದುಹೋಗುತ್ತೆ.”

“ಬಣ್ಣ ಬರ್ಲಿ ತಡಿ.”

ಬಣ್ಣವಂತೆ! ಜೀವಮಾನವೆಲ್ಲ ‘ಘಮ ಬಂತು, ಇಳಿಸು’ ಎಂದು ನನ್ನ ತಲೆ ತಿಂದವರು ಈಗ ಬಣ್ಣ ನೋಡುತ್ತಿದ್ದಾರೆ. ನಾನು ಎದ್ದು ಒಲೆ ಆರಿಸಿದೆ. ಅವರು ಬಾಣಲೆಯನ್ನು ನನ್ನ ಕಡೆ ತಳ್ಳಿದರು. ಕೊಬ್ಬರಿ, ಮೆಣಸಿನಕಾಯಿ ಸೇರಿಸಿ ರುಬ್ಬಿ ಕೊಟ್ಟೆ. ಹಿತ್ತಾಳೆಯ ದೊಡ್ಡ ತಪ್ಪಲೆಯಲ್ಲಿ ಒಗ್ಗರಣೆ ಸಿಡಿಯಿತು, ಕಾಳು ಬಿತ್ತು, ಗೋರಿಕಾಯಿ ಬಿತ್ತು, ನವಿಲುಕೋಸು ಬಿತ್ತು, ಕೊನೆಗೆ ಕುಂಬಳದ ಹೋಳು. ಅತ್ತೆ ಒಂದು ಹಿಡಿ ಕಲ್ಲುಪ್ಪು ಹಾಕಿ ತಿರುವಿದರು. ಮಸಾಲೆ, ಹುಣಸೆ ರಸ, ಒಂದು ಚೂರು ಬೆಲ್ಲ, ನೀರು. ಎಸರು ಕುದಿ ಬಂದಾಗ ತಪ್ಪಲೆಯ ಮೇಲೆ ಬಗ್ಗಿ ಕಣ್ಣು ಮುಚ್ಚಿಕೊಂಡು ಉಸಿರೆಳೆದರು. ಎಳೆದರು, ಎಳೆದರು. ಮುಖವೆಲ್ಲ ಬೆವರಿತು. ಆಮೇಲೆ ನೆಟ್ಟಗೆ ನಿಂತು ಇನ್ನೊಂದು ಹಿಡಿ ಉಪ್ಪು ತೆಗೆದು ಹಾಕಿದರು.

“ಅತ್ತೆ! ಆಗ್ಲೇ ಒಂದ್ಸಲ ಹಾಕಿದ್ರಲ್ಲ?”

“ನನಗೆ ಹೇಳಿಕೊಡ್ತೀಯಾ ನೀನು?”

ರುಚಿ ನೋಡಿ ಜಗಳವಾಡೋಣ ಅಂದರೆ ನೋಡುವ ಹಾಗಿಲ್ಲ. ಆಗಲಿ ಬಿಡು, ನಾಳೆಯಿಂದ ನಾನು ಮೇಲಿರುತ್ತೇನೆ, ಇವರ ಉಪ್ಪು ಇವರಿಗೆ ಎಂದುಕೊಂಡು ಅಕ್ಕಿ ತೊಳೆದು ಕೊಟ್ಟೆ. ನಿಂತು ನಿಂತು ಕಾಲು ನನ್ನವೇ ಅಲ್ಲ ಅನ್ನಿಸುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಹಲಸೂರತ್ತೆ ಬಂದರು. ಅವರು ಮಾವನ ತಂಗಿ, ಹೆಸರು ಸುಭದ್ರಮ್ಮ. ಅಡಿಗೆಯಲ್ಲಿ ತಪ್ಪು ಹುಡುಕಲು ಹಲಸೂರಿನಿಂದ ಆಟೋ ಮಾಡಿಕೊಂಡು ಬರುವ ಹೆಂಗಸು. ಬಂದವರೇ ಮೂಗರಳಿಸಿ, “ಈ ವರ್ಷಾನೂ ಮಟನ್ ಇಲ್ವಾ? ನಮ್ಮಣ್ಣ ಬಿಟ್ಟಿದ್ದು ಡಾಕ್ಟ್ರು ಬೈದಿದ್ದಕ್ಕೆ. ಈಗ ಅವನಿಗೆ ಯಾವ ಡಾಕ್ಟ್ರು?” ಅಂದರು. ಅತ್ತೆ ನಕ್ಕರು. ಆವತ್ತು ಅವರು ಖುಷಿಯಾಗಿದ್ದರು. ಹೊಸ ಪಂಚೆ, ಟವೆಲ್ಲು ಫೋಟೋ ಮುಂದೆ ಇಟ್ಟು, ಬಾಳೆಲೆ ಹಾಸಿ, ತಪ್ಪಲೆಯಿಂದ ಮೊದಲ ಸೌಟು ಬಾತನ್ನು ತಾವೇ ಬಡಿಸಿದರು. ಪಕ್ಕದಲ್ಲಿ ಮಾವನ ಬೀಡಿಕಟ್ಟು, ಒಂದು ಕ್ವಾರ್ಟರ್ ಬ್ರಾಂದಿ. ಧೂಪ ಹಾಕಿ ಎಲ್ಲರೂ ಆಚೆ ಬಂದು ಬಾಗಿಲು ಎಳೆದುಕೊಂಡೆವು. ಹಿರಿಯರು ಬಂದು ಉಂಡುಹೋಗುವ ತನಕ ಒಳಗೆ ಯಾರೂ ಇರಬಾರದು.

ಬಾಗಿಲಿನ ಆಚೆ ನಿಂತು ಅತ್ತೆ ಪಿಸುಗುಟ್ಟಿದರು, ನನಗೋ, ತಮಗೋ ಗೊತ್ತಿಲ್ಲ. “ಎರಡು ವರ್ಷ ಉಪವಾಸ ಕೆಡವಿದ್ದೆ ಅವರನ್ನ.”

ಬಾಗಿಲು ತೆಗೆದು ನಮಸ್ಕಾರ ಮಾಡಿ ನಾವು ಊಟಕ್ಕೆ ಕೂತೆವು. ಎಡೆಯ ಅನ್ನ ಚೆಲ್ಲುವ ಹಾಗಿಲ್ಲ, ಬಡಿಸಿದ್ದನ್ನು ಬಿಡುವ ಹಾಗಿಲ್ಲ. ಹಲಸೂರತ್ತೆ ದೊಡ್ಡ ತುತ್ತು ಮಾಡಿ ಬಾಯಿಗೆ ಹಾಕಿಕೊಂಡರು. ಹಾಕಿಕೊಂಡವರು ಅಗಿಯುವುದನ್ನೇ ನಿಲ್ಲಿಸಿದರು. ಕಣ್ಣಲ್ಲಿ ನೀರು ತುಂಬಿತು. ಅಣ್ಣನ ನೆನಪಾಯಿತೇನೋ ಎಂದು ಶ್ರೀನಿವಾಸ್ ಅಂದುಕೊಂಡರೋ ಏನೋ, ತಾವೂ ಒಂದು ತುತ್ತು ತಿಂದರು. ಅವರ ಕಣ್ಣಲ್ಲೂ ನೀರು. ನಾನು ಬಾಯಿಗಿಟ್ಟೆ. ಅಯ್ಯೋ ದೇವರೇ! ಸಮುದ್ರದ ನೀರಲ್ಲಿ ಬೇಯಿಸಿದ ಹಾಗಿತ್ತು. ನಾಲಿಗೆ ಚುರುಗುಟ್ಟಿತು, ಗಂಟಲು ಹಿಡಿಯಿತು.

ನಿಜ ಹೇಳುತ್ತೇನೆ, ಒಂದು ಕ್ಷಣ ನನಗೆ ಖುಷಿಯಾಯಿತು. ಈಗ ಹೇಳಲಿ ಸಪ್ಪೆ ಅಂತ! ಎಲ್ಲರೂ ಅತ್ತೆಯ ಮುಖ ನೋಡುತ್ತಾ ಕೂತೆವು.

ಅತ್ತೆ ಉಣ್ಣುತ್ತಿದ್ದರು. ಆರಾಮವಾಗಿ, ಕುಂಬಳದ ಹೋಳನ್ನು ಅನ್ನಕ್ಕೆ ಕಿವುಚಿಕೊಂಡು, ಒಂದರ ಮೇಲೊಂದು ತುತ್ತು. ನಾವು ಯಾರೂ ಮಾತಾಡದ್ದನ್ನು ಕಂಡು ತಲೆಯೆತ್ತಿದರು. ಒಬ್ಬೊಬ್ಬರ ಮುಖವನ್ನೂ ನೋಡಿದರು. ಆಮೇಲೆ ಅಂಜಿಕೊಂಡೇ ಕೇಳಿದರು.

“ಯಾಕೆ? ಉಪ್ಪು ಒಸಿ ಕಮ್ಮಿಯಾಯ್ತಾ?”

ಹಲಸೂರತ್ತೆಯ ನೀರಿನ ಲೋಟ ಬಾಯಿಯ ಹತ್ತಿರವೇ ನಿಂತಿತು. ನನ್ನ ಖುಷಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಈ ಹೆಂಗಸಿಗೆ ರುಚಿಯೇ ತಿಳಿಯುತ್ತಿಲ್ಲ ಎಂದು ನನಗೆ ಆಗ ಹೊಳೆಯಿತು. ಜ್ವರ, ಸಪ್ಪೆ, ಉಪ್ಪಿನ ಡಬ್ಬ, ಬೆಳಗಿನ ಧನಿಯಾ, ಎಲ್ಲ ಒಟ್ಟಿಗೆ ಹೊಳೆಯಿತು. ಹಲಸೂರತ್ತೆ ಬಾಯಿ ತೆರೆಯುವ ಮೊದಲೇ ನಾನು ಮಾತು ತೆಗೆದೆ.

“ಕಮ್ಮಿ ಏನಿಲ್ಲ ಅತ್ತೆ. ಕೈ ತಪ್ಪಿ ನಾನೂ ಒಂದ್ಸಲ ಹಾಕ್ಬಿಟ್ಟೆ, ಒಂಚೂರು ಜಾಸ್ತಿಯಾಗಿದೆ.”

“ಒಂಚೂರಾ!” ಅಂದರು ಹಲಸೂರತ್ತೆ. “ಎಡೆ ಅಡಿಗೆಗೆ ಕೈ ಹಾಕೋ ಮುಂಚೆ ನೋಡೋದಲ್ವಾ ಹಂಸಾ? ಪಾಪ, ನಮ್ಮಣ್ಣ ಹೆಂಗೆ ತಿಂದ್ನೋ.” ಮಜ್ಜಿಗೆ ಸುರಿದುಕೊಂಡು, ಬೈದುಕೊಂಡು, ಎಲೆ ಮಾತ್ರ ಖಾಲಿ ಮಾಡಿದರು. ಶ್ರೀನಿವಾಸ್ ನನ್ನನ್ನು ಕೆಕ್ಕರಿಸಿ ನೋಡಿದರು. ಅತ್ತೆ ಆಮೇಲೆ ಒಂದು ತುತ್ತನ್ನೂ ಎತ್ತಲಿಲ್ಲ. ಬಿಡುವ ಹಾಗಿಲ್ಲವಲ್ಲ, ಕೊನೆಗೆ ಎಲೆಯ ಅನ್ನವನ್ನೆಲ್ಲ ಒಟ್ಟು ಮಾಡಿ ನೀರು ಹಾಕಿಕೊಂಡು ನುಂಗಿದರು.

ಹಲಸೂರತ್ತೆಯನ್ನು ಆಟೋ ಹತ್ತಿಸಲು ಶ್ರೀನಿವಾಸ್ ಹೋದಾಗ ಅಡಿಗೆಮನೆಯಲ್ಲಿ ನಾವಿಬ್ಬರೇ ಉಳಿದೆವು. ತಪ್ಪಲೆಯಲ್ಲಿ ಇನ್ನೂ ಅರ್ಧ ಬಾತಿತ್ತು.

“ಯಾವಾಗಿಂದ ಅತ್ತೆ?”

ಅವರು ಕಟ್ಟೆ ಒರೆಸುತ್ತಿದ್ದರು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದರು.

“ಜ್ವರ ಬಂದೋಯ್ತಲ್ಲ, ಆವತ್ತಿಂದ. ಏನ್ ತಿಂದ್ರೂ ಮಣ್ಣು ತಿಂದಂಗೆ. ವಾಸ್ನೆನೂ ಇಲ್ಲ. ಉಪ್ಪು ಜಾಸ್ತಿ ಸುರ್ಕಂಡ್ರೆ ಏನಾದ್ರೂ ತಗಲ್ತದೇನೋ ಅಂತ ನೋಡ್ತಿದ್ದೆ. ಅದೂ ಇಲ್ಲ.”

“ಎರಡು ವರ್ಷ!” ನನ್ನ ಗಂಟಲು ಏರಿತು. ಪಾಪ ಅನ್ನಿಸಿತ್ತು, ನಿಜ, ಆದರೆ ಸಿಟ್ಟು ಅದಕ್ಕಿಂತ ಮುಂದೆ ಬಂತು. “ಎರಡು ವರ್ಷ ನನ್ನಡಿಗೆ ಸಪ್ಪೆ ಸಪ್ಪೆ ಅಂತ ಸುಳ್ಳು ಹೇಳಿ ನನ್ನ ಜೀವ ತೆಗೆದ್ರಿ.”

“ಸುಳ್ಳು ಯಾಕೆ ಹೇಳ್ಲಿ? ನನಗೆ ಸಪ್ಪೆನೇ ಇತ್ತು.”

ನಾನು ತಪ್ಪಲೆಯ ಮುಚ್ಚಳವನ್ನು ದಢಾರನೆ ಹಾಕಿದೆ.

“ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು? ಡಾಕ್ಟ್ರಿಗೆ ತೋರಿಸ್ತಿರಲಿಲ್ವಾ?”

“ಹೇಳಿದ್ರೆ ಈ ತಪ್ಲೆ ನನ್ ಕೈಗೆ ಕೊಡ್ತಿದ್ಯಾ?” ಅಂದರು ಅತ್ತೆ. “ಮಿಕ್ಕಿದ್ದೆಲ್ಲ ನಿನ್ನದೇ ಆಯ್ತಲ್ಲ. ವರ್ಷಕ್ಕೊಂದ್ ದಪ ಆ ಮನುಷ್ಯನಿಗೆ ಬೇಯಿಸಾಕೋದು ಒಂದು ನಂದಿತ್ತು. ಎಡೆಗೆ ಹೆಂಗೂ ಯಾರೂ ರುಚಿ ನೋಡಲ್ಲ, ಕೈಯಂದಾಜು, ನಡೆದೋಗ್ತದೆ ಅಂದ್ಕಂಡೆ.” ಒರೆಸುವ ಬಟ್ಟೆ ಹಿಂಡುತ್ತಾ, “ನೀನ್ಯಾಕೆ ಮೈಮೇಲೆ ಹಾಕ್ಕೊಂಡೆ?” ಅಂದರು.

“ಗೊತ್ತಿಲ್ಲ. ಸುಸ್ತಾಗಿದೆ ನನಗೆ, ಏನೂ ಕೇಳ್ಬೇಡಿ.”

ಉಪ್ಪಿಲ್ಲದೆ ಒಂದು ಸೇರು ಅನ್ನ ಮಾಡಿ ಬೆರೆಸಿದರೆ ಇದು ಬಾಯಿಗೆ ಬರುತ್ತದೆ, ಚೆಲ್ಲಬಾರದು ಎಂದು ಅತ್ತೆ ತಮ್ಮಷ್ಟಕ್ಕೆ ಹೇಳಿಕೊಂಡು ಇನ್ನೊಂದು ಪಾತ್ರೆಗೆ ನೀರು ತುಂಬಿದರು. ಒಲೆಯ ಗುಂಡಿ ತಿರುಗಿಸಿ ಲೈಟರ್ ಒತ್ತಿದರು, ಪಾತ್ರೆ ಇಟ್ಟರು, ಅಕ್ಕಿ ತೊಳೆಯಲು ಸಿಂಕಿನ ಕಡೆ ತಿರುಗಿದರು. ನಾನು ನೆಲದ ಮೇಲೆ ಗೋಡೆಗೆ ಒರಗಿ ಕಣ್ಣು ಮುಚ್ಚಿದೆ. ಹಾಗೇ ಜೊಂಪು ಹತ್ತಿತೋ ಏನೋ. ಎಚ್ಚರವಾದದ್ದು ವಾಸನೆಗೆ. ಕೊಳೆತ ಮೊಟ್ಟೆಯಂಥ ವಾಸನೆ ಮೂಗಿಗೆ ಬಡಿದು ತಲೆ ಧಿಮ್ ಅಂದಿತು. ಎದ್ದುಬಿದ್ದು ಹೋಗಿ ಗುಂಡಿ ತಿರುಗಿಸಿದೆ, ಕಿಟಕಿ ತೆಗೆದೆ, ಹಿತ್ತಿಲ ಬಾಗಿಲು ತೆಗೆದೆ. ಪಾತ್ರೆಯ ಕೆಳಗೆ ಬೆಂಕಿಯೇ ಇರಲಿಲ್ಲ. ಅತ್ತೆ ಅಕ್ಕಿಯ ಬಟ್ಟಲು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು.

“ಏನಾಯ್ತೇ?”

“ಒಲೆ ಹತ್ತೇ ಇಲ್ಲ ಅತ್ತೆ. ಮನೆಯೆಲ್ಲ ಗ್ಯಾಸ್ ತುಂಬಿದೆ, ಗೊತ್ತಾಗ್ಲಿಲ್ವಾ?”

ಅವರು ಅಡಿಗೆಮನೆಯ ನಾಲ್ಕೂ ಮೂಲೆ ನೋಡಿದರು.

“ಎಲ್ಲಿ?” ಅಂದರು.

ನಾಳೆಯಿಂದ ಇವರು ಇಲ್ಲಿ ಒಬ್ಬರೇ ಒಲೆ ಹಚ್ಚುವವರಿದ್ದರು. ಒಂದು ಪಾವು ಅಕ್ಕಿಗೆ. ನಾನು ಮೇಲೆ ಬೆಳಕಿನ ಕಿಟಕಿಯ ಹತ್ತಿರ ಕೂತು ಊಟ ಮಾಡುವವಳಿದ್ದೆ.

ಅಷ್ಟರಲ್ಲಿ ಶ್ರೀನಿವಾಸ್ ಬಂದರು. ಹೊಸಿಲಿನಾಚೆಯಿಂದಲೇ, “ಗ್ಯಾಸಿನವನು ಫೋನ್ ಮಾಡಿದ್ದ. ಬೆಳಿಗ್ಗೆನೇ ಬಂದು ಮೇಲಕ್ಕೆ ಕನೆಕ್ಷನ್ ಕೊಡ್ತಾನಂತೆ, ಸರಿನಾ?” ಅಂದರು. ಒಳಗೆ ಕಾಲಿಟ್ಟ ಮೇಲೆ, “ಏನಿದು ವಾಸನೆ?” ಎಂದು ಮೂಗು ಹಿಡಿದುಕೊಂಡರು.

ಅತ್ತೆ ನನ್ನ ಕಡೆ ನೋಡಿದರು. ನಾನು ಈ ಮನೆಗೆ ಬಂದಾಗಿನಿಂದ ಆ ಹೆಂಗಸು ನನ್ನನ್ನು ಒಂದು ಸಲವೂ ಬೇಡಿಕೊಂಡದ್ದಿಲ್ಲ. ಈಗ ಕಣ್ಣಲ್ಲೇ ಬೇಡುತ್ತಿದ್ದರು.

“ನಾನೇ ಒಲೆ ಸರಿಯಾಗಿ ಹಚ್ಚಿರಲಿಲ್ಲ,” ಅಂದೆ. “ಗ್ಯಾಸಿನವನಿಗೆ ಬರೋದು ಬೇಡ ಅನ್ನಿ.”

“ಬೇಡ್ವಾ? ನೀನೇ ತಾನೇ ಕುಣಿದಿದ್ದು?”

“ಬೇಡ ಅಂದ್ರೆ ಬೇಡ. ಮೇಲಿನ ಮನೆ ಬಾಡಿಗೆಗೆ ಕೊಟ್ಬಿಡಿ.”

“ನಿಮ್ಮಿಬ್ಬರ ಸಹವಾಸ ಸಾಕಪ್ಪಾ,” ಎಂದು ಗೊಣಗಿಕೊಂಡು ಅವರು ಹೋದರು.

ನನಗೆ ಅಳು ಬಂತು. ಅತ್ತೆಯ ಮೇಲೆ ಪ್ರೀತಿ ಉಕ್ಕಿ ಬಂದ ಅಳು ಅಲ್ಲ ಅದು. ಒಂದು ಕಿಟಕಿ, ಒಂದು ಒಲೆ, ಅಷ್ಟನ್ನೂ ಬಿಟ್ಟುಕೊಟ್ಟೆನಲ್ಲ ಎಂಬ ಸಂಕಟದ ಅಳು. ನಾಳೆ, ನಾಡಿದ್ದು, ಆಚೆ ನಾಡಿದ್ದು, ಈ ಒಲೆಯ ಮುಂದೆ ನಾನೇ ನಿಲ್ಲಬೇಕಲ್ಲ ಎಂಬ ಆಯಾಸದ ಅಳು. ಸೆರಗಿನಲ್ಲಿ ಮುಖ ಒರೆಸಿಕೊಂಡು, ವಾಸನೆ ಪೂರ್ತಿ ಹೋದ ಮೇಲೆ ಒಲೆ ಹಚ್ಚಿದೆ, ಬಗ್ಗಿ ಬೆಂಕಿ ನೋಡಿ ಪಾತ್ರೆ ಇಟ್ಟೆ.

ಅತ್ತೆ ತೊಳೆದ ಅಕ್ಕಿಯನ್ನು ನನ್ನ ಕೈಗೆ ಕೊಟ್ಟರು. ನೀರು ಕುದಿ ಬರುವ ತನಕ ಪಕ್ಕದಲ್ಲೇ ನಿಂತಿದ್ದರು.

“ಬರೋ ವರ್ಷದಿಂದ ಎಡೆನೂ ನೀನೇ ಮಾಡ್ಬುಡು, ಹಂಸಾ,” ಅಂದರು.

ನಾನು ಅಕ್ಕಿ ಸುರಿದು ಸೌಟಿನಲ್ಲಿ ತಿರುವಿದೆ.

“ಮಾಡೋದು ನೀವೇ ಮಾಡಿ ಅತ್ತೆ,” ಅಂದೆ. “ಉಪ್ಪು ಮಾತ್ರ ನಾನು ಹಾಕ್ತೀನಿ.”

ಅವರು ಆಗಲಿ ಎಂದು ತಲೆಯಾಡಿಸಿದರು. ನಾನು ಸಿಂಕಿನಲ್ಲಿ ರಾಶಿ ಬಿದ್ದಿದ್ದ ಪಾತ್ರೆಗಳ ಕಡೆ ತಿರುಗಿದೆ.